ಕೊಟ್ಟಿಗೆಯಲ್ಲಿ ಹಸು, ಮಡಿಲಲ್ಲಿ ಎಂಟು ತಿಂಗಳ ಕೂಸು

ಪ್ರಶ್ನೆ: ಹಾಸನ ಜಿಲ್ಲೆಯ ಒಂದು ಹಳ್ಳಿ ನಮ್ಮದು. ಪಕ್ಕದ ಪಟ್ಟಣದ ಬ್ಯಾಂಕಿನಲ್ಲಿ ಕೆಲಸ ಮಾಡುತ್ತೇನೆ. ಮಗಳಿಗೆ ಎಂಟು ತಿಂಗಳು ತುಂಬಿದೆ. ಹೆರಿಗೆ ರಜೆ ಮುಗಿದ ಮೇಲೆ ಹಗಲು ಹೊತ್ತು ಅತ್ತೆಯೇ ಮಗುವನ್ನು ನೋಡಿಕೊಳ್ಳುತ್ತಾರೆ. ಬೆಳಿಗ್ಗೆ, ಸಂಜೆ, ರಾತ್ರಿ ನಾನು ಎದೆಹಾಲು ಕುಡಿಸುತ್ತೇನೆ. ಮನೆಯಲ್ಲಿ ಎರಡು ಹಸು ಇವೆ, ಡೇರಿಗೆ ಹಾಲು ಹಾಕುತ್ತೇವೆ. ಕಳೆದ ವಾರ ಬ್ಯಾಂಕಿನಿಂದ ಬೇಗ ಬಂದ ದಿನ ಗೊತ್ತಾಯಿತು, ಅತ್ತೆ ದಿನಕ್ಕೆ ಮೂರು ಸಲ ಹಸುವಿನ ಹಾಲಿಗೆ ನೀರು, ಸಕ್ಕರೆ ಬೆರೆಸಿ ಬಾಟಲಿಯಲ್ಲಿ ಕುಡಿಸುತ್ತಿದ್ದಾರೆ. ಕೇಳಿದ್ದಕ್ಕೆ, ‘ನನ್ನ ಮೂರು ಮಕ್ಕಳೂ ಇದೇ ಹಾಲು ಕುಡಿದು ಬೆಳೆದಿದ್ದು. ನಿನ್ನ ಗಂಡ ಏನು ಸೊರಗಿ ಹೋಗಿದ್ದಾನಾ?’ ಅಂದರು. ಡಾಕ್ಟರು ಒಂದು ವರ್ಷದವರೆಗೆ ಹಸುವಿನ ಹಾಲು ಬೇಡ ಅಂದಿದ್ದರು. ಯಾಕೆ ಅಂತ ಕೇಳಲು ಆಗಲಿಲ್ಲ, ಹೊರಗೆ ಅಷ್ಟು ಜನ ಕಾಯುತ್ತಿದ್ದರು. ಬ್ಯಾಂಕಿನ ಗೆಳತಿ ಡಬ್ಬಿ ಪುಡಿ ಶುರು ಮಾಡು ಅನ್ನುತ್ತಾಳೆ. ನಮ್ಮಮ್ಮ ಫೋನಿನಲ್ಲಿ ಮೇಕೆ ಹಾಲು ಒಳ್ಳೆಯದು ಅನ್ನುತ್ತಾರೆ. ನಮ್ಮ ಮನೆಯವರು ಏನೂ ಅನ್ನುವುದಿಲ್ಲ. ಇಷ್ಟು ದಿನ ಕುಡಿಸಿದ್ದರಿಂದ ಮಗುವಿಗೆ ಏನಾದರೂ ಆಗುತ್ತದೆಯೇ? ಹಸುವಿನ ಹಾಲನ್ನು ಯಾವಾಗಿನಿಂದ ಕೊಡಬಹುದು?
– ಹೆಸರು ಬೇಡ

ಉತ್ತರ: ಮೊದಲು ನಿಮ್ಮ ಭಯದ ವಿಷಯ. ಇಷ್ಟು ದಿನ ಕುಡಿಸಿದ ಹಾಲಿನಿಂದ ನಿಮ್ಮ ಮಗಳಿಗೆ ಸರಿಪಡಿಸಲಾಗದ ತೊಂದರೆ ಆಗಿರುವ ಸಂಭವ ತೀರಾ ಕಡಿಮೆ. ಹಾಲು ಕುಡಿದ ಮೇಲೆ ಮೈಮೇಲೆ ದದ್ದು ಎದ್ದಿಲ್ಲ, ಮತ್ತೆ ಮತ್ತೆ ವಾಂತಿಯಾಗಿಲ್ಲ, ಮಲದಲ್ಲಿ ರಕ್ತವೋ ಲೋಳೆಯೋ ಕಂಡಿಲ್ಲ ಎಂದಾದರೆ ನೀವು ಇವತ್ತು ನಿದ್ದೆಗೆಡಬೇಕಾಗಿಲ್ಲ. ಇವುಗಳಲ್ಲಿ ಯಾವುದಾದರೂ ಕಂಡಿದ್ದರೆ ಈ ಅಂಕಣ ಪಕ್ಕಕ್ಕಿಟ್ಟು ಮಗುವನ್ನು ವೈದ್ಯರಿಗೆ ತೋರಿಸಿ. ತುಟಿ, ಕಣ್ಣಿನ ಸುತ್ತ ಊದಿಕೊಂಡು ಉಸಿರಾಡಲು ಕಷ್ಟಪಟ್ಟರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಅದು ಹಾಲಿನ ಪ್ರೋಟೀನಿಗೆ ಆಗುವ ಅಲರ್ಜಿ. ಅಂಥ ಮಗುವಿಗೆ ಮೊಸರು, ತುಪ್ಪವನ್ನೂ ವೈದ್ಯರನ್ನು ಕೇಳಿಯೇ ಕೊಡಬೇಕಾಗುತ್ತದೆ. ನಿಮ್ಮ ಪತ್ರದಲ್ಲಿ ಅಂಥದ್ದೇನೂ ಕಾಣಲಿಲ್ಲವಾದ್ದರಿಂದ ಮುಂದಕ್ಕೆ ಹೋಗುತ್ತೇನೆ.

‘ಯಾವಾಗ’ ಎಂಬುದಕ್ಕೆ ಉತ್ತರ ಚಿಕ್ಕದು. ಕುಡಿಯುವ ಹಾಲಾಗಿ ಕೊಡುವುದಾದರೆ ಒಂದು ವರ್ಷ ತುಂಬಿದ ಮೇಲೆ. ಮೊಸರಾಗಿ, ತುಪ್ಪವಾಗಿ, ಅಡುಗೆಯಲ್ಲಿ ಬೆರೆತ ನಾಲ್ಕು ಚಮಚ ಹಾಲಾಗಿ ಕೊಡುವುದಾದರೆ ಆರು ತಿಂಗಳು ತುಂಬಿ ಊಟ ಶುರುವಾದಾಗಿನಿಂದ. ಆದರೆ ಈ ಎರಡು ಸಾಲು ಹಿಡಿದುಕೊಂಡು ಅತ್ತೆಯ ಮುಂದೆ ನಿಂತರೆ ನಿಮ್ಮ ಮನೆಯ ಜಗಳ ಮುಗಿಯುವುದಿಲ್ಲ. ಹನ್ನೆರಡನೇ ತಿಂಗಳಿನ ಕೊನೆಯ ದಿನದವರೆಗೆ ಕೂಡದು ಎಂದದ್ದು ಮರುದಿನ ಬೆಳಿಗ್ಗೆ ಹೇಗೆ ಒಳ್ಳೆಯದಾಗುತ್ತದೆ ಎಂದು ಅವರು ಕೇಳಿದರೆ, ಆ ಪ್ರಶ್ನೆ ನ್ಯಾಯವಾದದ್ದೇ. ಹಸುವಿನ ಹಾಲು ವಿಷವಲ್ಲ. ಮಗುವಿನ ಪುಟ್ಟ ಹೊಟ್ಟೆಯಲ್ಲಿ ಅದು ಏನನ್ನು ಹೊರಗೆ ತಳ್ಳಿ ತಾನು ಕೂರುತ್ತಿದೆ ಎಂಬುದನ್ನು ನೋಡಬೇಕು. ಆ ಯಾಕೆ ಗೊತ್ತಾದರೆ ಅತ್ತೆಯೊಡನೆ ಮಾತಾಡಲು ನಿಮಗೂ ಒಂದು ನೆಲೆ ಸಿಗುತ್ತದೆ.

ಕೊಟ್ಟಿಗೆ ಇರುವ ಮನೆಯವರಿಗೆ ಇದನ್ನು ವಿವರಿಸುವುದು ಸುಲಭ. ಕರು ಹುಟ್ಟಿದ ದಿನವೇ ಎದ್ದು ಓಡಾಡುತ್ತದೆ. ಸುಮಾರು ಒಂದೂವರೆ ತಿಂಗಳಿಗೆ ಅದರ ತೂಕ ಎರಡರಷ್ಟಾಗುತ್ತದೆ. ನಮ್ಮ ಮಗು ಹುಟ್ಟಿದ ತೂಕದ ಎರಡರಷ್ಟಾಗಲು ಐದು ತಿಂಗಳು ತೆಗೆದುಕೊಳ್ಳುತ್ತದೆ. ಕರುವಿನ ಆ ಅವಸರಕ್ಕೆ ತಕ್ಕ ಹಾಲು ಹಸುವಿನದು. ನೂರು ಮಿಲಿಲೀಟರ್ ಎದೆಹಾಲಿನಲ್ಲಿ ಪ್ರೋಟೀನು ಒಂದು ಗ್ರಾಮಿಗಿಂತ ತುಸು ಹೆಚ್ಚಿದ್ದರೆ ಹಸುವಿನ ಹಾಲಿನಲ್ಲಿ ಮೂರು ಗ್ರಾಮಿಗೂ ಮೇಲೆ. ಉಪ್ಪಿನ ಅಂಶವೂ ಎದೆಹಾಲಿನ ಮೂರು ಪಟ್ಟು, ಕ್ಯಾಲ್ಸಿಯಂ ನಾಲ್ಕು ಪಟ್ಟು. ಇದೆಲ್ಲ ಹೆಚ್ಚಿದ್ದರೆ ಒಳ್ಳೆಯದೇ ಅಲ್ಲವೇ ಎನಿಸಬಹುದು. ಮೈಗೆ ಬೇಡವಾದದ್ದನ್ನು ಮೂತ್ರದಲ್ಲಿ ಹೊರಹಾಕುವ ಕೆಲಸ ಮೂತ್ರಪಿಂಡದ್ದು, ಅದು ಎಳೆಗೂಸಿನಲ್ಲಿ ಇನ್ನೂ ಪಳಗಿರುವುದಿಲ್ಲ. ಆರೋಗ್ಯವಾಗಿರುವ ಮಗು ಹೇಗೋ ನಿಭಾಯಿಸುತ್ತದೆ. ಜ್ವರವೋ ಭೇದಿಯೋ ಬಂದು ಮೈಯ ನೀರು ಇಳಿದ ದಿನ ಅದೇ ಹೊರೆ ಅಪಾಯಕ್ಕೆ ತಿರುಗುತ್ತದೆ. ಹುಟ್ಟಿದ ಮೊದಲ ವಾರಗಳಲ್ಲಂತೂ ಹಸು, ಎಮ್ಮೆ ಹಾಲಿನ ಅತಿಯಾದ ರಂಜಕದಿಂದ ರಕ್ತದಲ್ಲಿ ಕ್ಯಾಲ್ಸಿಯಂ ಕುಸಿದು ಕೂಸಿಗೆ ಫಿಟ್ಸ್ ಬರುವುದೂ ಉಂಟು. ನಿಮ್ಮ ಮಗಳು ಆ ಘಟ್ಟ ದಾಟಿದ್ದಾಳೆ.

ಅವಳ ವಯಸ್ಸಿನಲ್ಲಿ ನನಗೆ ನಿಜವಾದ ಚಿಂತೆ ಕಬ್ಬಿಣದ ಅಂಶದ್ದು. ಬಸುರಿನ ಕೊನೆಯ ಮೂರು ತಿಂಗಳಲ್ಲಿ ತಾಯಿಯಿಂದ ಪಡೆದುಕೊಂಡ ಕಬ್ಬಿಣವನ್ನು ಮಗು ಹುಟ್ಟಿದ ಮೇಲೆ ಸುಮಾರು ಆರು ತಿಂಗಳು ಖರ್ಚು ಮಾಡುತ್ತದೆ. ಆಮೇಲೆ ಉಗ್ರಾಣ ಬರಿದು. ತಾಯಿಗೇ ರಕ್ತ ಕಡಿಮೆಯಿದ್ದರೆ, ಮಗು ತಿಂಗಳು ತುಂಬುವ ಮೊದಲೇ ಹುಟ್ಟಿದ್ದರೆ, ಇನ್ನೂ ಬೇಗ. ಅಲ್ಲಿಂದ ಮುಂದೆ ಕಬ್ಬಿಣ ಊಟದಿಂದಲೇ ಬರಬೇಕು. ಒಂದು ಲೀಟರ್ ಹಸುವಿನ ಹಾಲಿನಲ್ಲಿ ಇರುವ ಕಬ್ಬಿಣ ಅರ್ಧ ಮಿಲಿಗ್ರಾಂ ಆಸುಪಾಸು. ಅದರಲ್ಲೂ ಮೈಗೆ ಹತ್ತುವುದು ಹತ್ತರಲ್ಲಿ ಒಂದು ಪಾಲು. ಎದೆಹಾಲಿನಲ್ಲೂ ಕಬ್ಬಿಣ ಕಡಿಮೆಯೇ, ಆದರೆ ಇದ್ದದ್ದರಲ್ಲಿ ಹೆಚ್ಚುಕಡಿಮೆ ಅರ್ಧ ಮಗುವಿಗೆ ದಕ್ಕುತ್ತದೆ. ಹಸುವಿನ ಹಾಲು ತಾನು ಕೊಡದಿರುವುದಷ್ಟೇ ಅಲ್ಲ, ಅದರ ಕ್ಯಾಲ್ಸಿಯಂ ಮತ್ತು ಕೇಸೀನ್ ಪ್ರೋಟೀನು ಪಕ್ಕದಲ್ಲಿರುವ ಸೊಪ್ಪು, ಬೇಳೆಯ ಕಬ್ಬಿಣವನ್ನೂ ಮೈಗೆ ಹತ್ತಗೊಡುವುದಿಲ್ಲ. ವರ್ಷ ತುಂಬದ ಕೆಲವು ಮಕ್ಕಳಲ್ಲಿ ಈ ಹಾಲಿನಿಂದ ಕರುಳು ಸೂಕ್ಷ್ಮವಾಗಿ ಕೆರಳಿ, ಕಣ್ಣಿಗೆ ಕಾಣದಷ್ಟು ರಕ್ತ ದಿನವೂ ಮಲದಲ್ಲಿ ಹೋಗುತ್ತಿರುತ್ತದೆ. ವರ್ಷ ತುಂಬುವ ಹೊತ್ತಿಗೆ ಕರುಳು ಬಲಿತು ಇದು ಬಹುಪಾಲು ನಿಲ್ಲುತ್ತದೆ. ‘ಒಂದು ವರ್ಷ’ ಎಂಬ ಗಡಿಗೆ ಇದೊಂದು ಕಾರಣ. ಅಷ್ಟು ಹೊತ್ತಿಗೆ ಮಗು ಮನೆಯವರ ಊಟವನ್ನೇ ಉಣ್ಣುವಂತಾಗಿರುತ್ತದೆ ಎಂಬುದು ಇನ್ನೊಂದು. ನನ್ನ ಲೆಕ್ಕದಲ್ಲಿ ಎರಡನೆಯದೇ ದೊಡ್ಡದು.

ಯಾಕೆಂದರೆ, ಬಾಟಲಿ ಹಾಲು ಕುಡಿದ ಮಗುವಿಗೆ ಹಸಿವಾಗುವುದಿಲ್ಲ. ಮಧ್ಯಾಹ್ನ ಹನ್ನೆರಡಕ್ಕೆ ಒಂದು ಬಾಟಲಿ ಮುಗಿಸಿದ ಕೂಸು ಹನ್ನೆರಡೂವರೆಗೆ ಬೇಳೆ ಅನ್ನಕ್ಕೆ ಬಾಯಿ ತೆರೆಯುವುದಿಲ್ಲ. ‘ಊಟ ಮುಟ್ಟಲ್ಲ, ಹಾಲು ಮಾತ್ರ ಗಟಗಟ ಕುಡಿಯುತ್ತೆ’ ಎಂದು ಹೇಳುತ್ತಾ ಮತ್ತೆ ಹಾಲನ್ನೇ ಕೊಡುತ್ತೇವೆ. ಹೀಗೆ ಬೆಳೆದ ಮಕ್ಕಳು ತೂಕದಲ್ಲಿ ಕಡಿಮೆ ಇರುವುದಿಲ್ಲ, ಕೆನ್ನೆ ತುಂಬಿಕೊಂಡು ಮುದ್ದಾಗಿಯೇ ಇರುತ್ತಾರೆ. ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಮಾತ್ರ ಒಳಗೆ ಕೆಂಪೇ ಇಲ್ಲ. ‘ಮಗು ಈಚೆಗೆ ಬೆಳ್ಳಗಾಗಿದೆ’ ಎಂದು ಮನೆಮಂದಿ ಹಿಗ್ಗುವುದನ್ನು ನಾನು ಬೇಕಾದಷ್ಟು ಸಲ ಕಂಡಿದ್ದೇನೆ. ರಕ್ತ ಇಳಿದು ಬಿಳಿಚಿಕೊಂಡದ್ದನ್ನು ಬಣ್ಣ ಬಂದದ್ದೆಂದು ತಿಳಿಯುವಷ್ಟು ಬಿಳಿಯ ಮೋಹ ನಮ್ಮದು. ಇನ್ನು ಸ್ವಲ್ಪ ದೊಡ್ಡವಾದ ಮೇಲೆ ಇಂಥ ಮಕ್ಕಳು ಗೋಡೆಯ ಸುಣ್ಣ ಕೆರೆದು ತಿನ್ನುತ್ತವೆ, ಮಣ್ಣು ತಿನ್ನುತ್ತವೆ, ನಾವು ಹುಳು ಎಂದುಕೊಂಡು ಜಂತುಹುಳದ ಔಷಧಿ ಹಾಕಿಸಿ ಸುಮ್ಮನಾಗುತ್ತೇವೆ. ಮಿದುಳು ಓಡೋಡಿ ಬೆಳೆಯುವ ಮೊದಲ ಎರಡು ವರ್ಷಗಳಲ್ಲಿ ಕಬ್ಬಿಣದ ಕೊರತೆ ಬಿದ್ದರೆ ಕಲಿಕೆಯ ಮೇಲೂ ಪೆಟ್ಟು ಬೀಳುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ರಕ್ತಹೀನತೆ ಇರುವವರು ದೇಶದಲ್ಲಿ ನೂರಕ್ಕೆ 67, ಕರ್ನಾಟಕದಲ್ಲಿ ನೂರಕ್ಕೆ 65. ಇದೆಲ್ಲ ಹಸುವಿನ ಹಾಲಿನ ತಪ್ಪೆಂದು ನಾನು ಹೇಳುತ್ತಿಲ್ಲ. ಬಸುರಿಯ ರಕ್ತಹೀನತೆ, ತೆಳ್ಳನೆಯ ಊಟ, ಬಡತನ ಎಲ್ಲವೂ ಅದರಲ್ಲಿ ಸೇರಿವೆ. ಆದರೆ ಹಸು ಕಟ್ಟಿದ, ಉಣ್ಣಲು ಕೊರತೆಯಿಲ್ಲದ ಮನೆಯ ಮಗುವಿಗೂ ರಕ್ತ ಕಡಿಮೆಯೆಂದರೆ ಮೊದಲು ಕೇಳಬೇಕಾದ ಪ್ರಶ್ನೆ, ದಿನಕ್ಕೆ ಎಷ್ಟು ಹಾಲು ಕುಡಿಸುತ್ತೀರಿ ಎಂಬುದೇ.

ನೀರು ಬೆರೆಸಿದ್ದೇವಲ್ಲ, ಗಟ್ಟಿ ಹಾಲು ಕೊಟ್ಟಿಲ್ಲವಲ್ಲ ಎಂದು ಅತ್ತೆ ಹೇಳಬಹುದು. ಅವರ ಯೋಚನೆಯಲ್ಲಿ ಒಂದು ಅರ್ಥವಿದೆ: ಗಟ್ಟಿ ಹಾಲು ಕೂಸಿಗೆ ಭಾರ ಎಂದು ಹಳಬರಿಗೆ ಗೊತ್ತಿತ್ತು. ನೀರು ಬೆರೆತಾಗ ಪ್ರೋಟೀನು, ಉಪ್ಪು ಇಳಿಯುತ್ತದೆ ನಿಜ. ಜೊತೆಗೆ ಜಿಡ್ಡೂ ಶಕ್ತಿಯೂ ಅರ್ಧಕ್ಕೆ ಇಳಿಯುತ್ತವೆ, ಇದ್ದ ಚೂರು ಕಬ್ಬಿಣವೂ ಇಳಿಯುತ್ತದೆ. ಹೊಟ್ಟೆ ಮಾತ್ರ ಅಷ್ಟೇ ತುಂಬುತ್ತದೆ. ಸಕ್ಕರೆ ಹಾಕಿದರೆ ನಾಲಿಗೆಗೆ ಸಿಹಿಯ ಚಟ ಹತ್ತುತ್ತದೆಯೇ ಹೊರತು ಬೇರೆ ಲಾಭವಿಲ್ಲ. ಸಕ್ಕರೆ ಬೇಡವೆಂದರೆ ಜೇನುತುಪ್ಪ ಹಾಕೋಣ ಎನ್ನುವವರು ಇರುತ್ತಾರೆ. ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸಲೂ ಬಾರದು, ಅದರಲ್ಲಿರಬಹುದಾದ ಬೊಟುಲಿಸಂ ರೋಗಾಣು ಎಳೆಯ ಕರುಳಿನಲ್ಲಿ ವಿಷ ಉಂಟುಮಾಡಬಲ್ಲದು.

ಇನ್ನು ಬಾಟಲಿ. ಹಾಲಿಗಿಂತ ಮೊದಲು ಮನೆಯಿಂದ ಆಚೆ ಹೋಗಬೇಕಾದದ್ದು ಅದೇ. ನಿಪ್ಪಲಿನ ಮೂಲೆಯಲ್ಲಿ ಕಟ್ಟಿಕೊಂಡ ಹಾಲಿನ ಪಾಚಿ ಎಷ್ಟು ತೊಳೆದರೂ ಹೋಗುವುದಿಲ್ಲ, ಭೇದಿಗೆ ಅದು ಸಾಕು. ನಿಮ್ಮ ಅತ್ತೆಯ ಹಳೆಯ ಪೆಟ್ಟಿಗೆಯಲ್ಲಿ ಹುಡುಕಿದರೆ ಖಂಡಿತ ಒಂದು ಒಳಲೆ ಸಿಗುತ್ತದೆ. ಅವರ ಮಕ್ಕಳಿಗೆ ಅದರಲ್ಲೇ ಕುಡಿಸಿರುತ್ತಾರೆ. ಕುದಿಯುವ ನೀರಿನಲ್ಲಿ ಹಾಕಿ ತೆಗೆದರೆ ಚೊಕ್ಕಟ. ಎಂಟು ತಿಂಗಳ ಮಗುವಿಗೆ ಚಿಕ್ಕ ಲೋಟವೂ ಆಗುತ್ತದೆ, ಸ್ವಲ್ಪ ಚೆಲ್ಲಿದರೆ ಚೆಲ್ಲಲಿ.

‘ನನ್ನ ಮಕ್ಕಳು ಬೆಳೆಯಲಿಲ್ಲವೇ’ ಎಂಬ ಮಾತಿಗೆ ಬರೋಣ. ಇದಕ್ಕೆ ಎದುರು ಮಾತಾಡುವ ಮುಂಚೆ ಒಂದು ವಿಷಯ ವಿಚಾರಿಸಿ ನೋಡಿ: ಆ ಮೂವರಿಗೆ ಅವರು ಎಷ್ಟು ವರ್ಷ ಎದೆಹಾಲು ಕೊಟ್ಟರು? ಎರಡು, ಎರಡೂವರೆ ವರ್ಷ ಎನ್ನುವ ಸಂಭವವೇ ಹೆಚ್ಚು. ಹಗಲೆಲ್ಲ ಮಗು ಅವರ ಸೊಂಟದ ಮೇಲೇ ಇತ್ತು, ಅತ್ತಾಗಲೆಲ್ಲ ಎದೆಗೆ ಹಾಕಿಕೊಂಡರು. ಹಸುವಿನ ಹಾಲು ಅದರ ಜೊತೆಗೆ ನಾಲ್ಕು ಒಳಲೆ ಹೋಯಿತು. ಇವತ್ತು ಅದೇ ಹಾಲು ಹತ್ತು ಗಂಟೆ ಹೊರಗಿರುವ ತಾಯಿಯ ಜಾಗಕ್ಕೆ ಬಂದು ಕೂತಿದೆ. ಇನ್ನೊಂದು ಮಾತನ್ನು ಅವರಿಗೆ ಹೇಳಬೇಡಿ, ನೀವು ತಿಳಿದಿರಿ: 1971ರಲ್ಲಿ ನಮ್ಮ ದೇಶದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ 129 ಕೂಸುಗಳು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2020ಕ್ಕೆ ಅದು 28ಕ್ಕೆ ಇಳಿದಿದೆ. ಬದುಕಿ ಬೆಳೆದವರು ಮಾತ್ರ ಸಾಕ್ಷಿಗೆ ಬರುತ್ತಾರೆ. ಆಗ ಹಳ್ಳಿಯಲ್ಲಿ ಮಗುವಿನ ರಕ್ತ ಪರೀಕ್ಷೆ ಮಾಡಿಸಿದವರು ಯಾರು? ರಕ್ತ ಕಡಿಮೆಯಿದ್ದ ಮಗುವನ್ನು ಮಂಕು, ಸೋಮಾರಿ, ಓದು ಹತ್ತದವನು ಎಂದು ಕರೆದು ಬಿಟ್ಟುಬಿಟ್ಟೆವು.

ಬೇರೆ ಬೇರೆ ವೈದ್ಯರು ಬೇರೆ ಬೇರೆ ತಿಂಗಳು ಹೇಳುತ್ತಾರಲ್ಲ ಎಂಬ ಗೊಂದಲ ಹಲವು ಓದುಗರಿಗಿದೆ, ಅದನ್ನೂ ಇಲ್ಲೇ ಬಿಡಿಸುತ್ತೇನೆ. ಅಮೆರಿಕ, ಬ್ರಿಟನ್ನಿನವರು ಹನ್ನೆರಡು ತಿಂಗಳು ಎನ್ನುತ್ತಾರೆ. ಕೆನಡಾದವರು, ಮಗು ಕಬ್ಬಿಣವಿರುವ ಊಟವನ್ನು ದಿನವೂ ಚೆನ್ನಾಗಿ ಉಣ್ಣುತ್ತಿದ್ದರೆ ಒಂಬತ್ತರಿಂದ ಹನ್ನೆರಡು ತಿಂಗಳ ನಡುವೆ ಶುರು ಮಾಡಬಹುದು ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2023ರ ಮಾರ್ಗಸೂಚಿಯಲ್ಲಿ, ಎದೆಹಾಲು ಇಲ್ಲದ ಆರರಿಂದ ಹನ್ನೊಂದು ತಿಂಗಳ ಮಕ್ಕಳಿಗೆ ಡಬ್ಬಿ ಪುಡಿಯ ಹಾಲಾಗಲಿ ಪ್ರಾಣಿಗಳ ಹಾಲಾಗಲಿ ಕೊಡಬಹುದು ಎಂದಿತು. ಪುಡಿ ಕೊಳ್ಳಲಾಗದ, ಶುದ್ಧ ನೀರೂ ಇಲ್ಲದ ಕೋಟ್ಯಂತರ ಮನೆಗಳಿಗೂ ಸಲ್ಲುವಂತೆ ಬರೆದ ಮಾತು ಅದು. ತಾಯಿಯನ್ನು ಕಳೆದುಕೊಂಡ ಎಂಟು ತಿಂಗಳ ಮಗುವನ್ನು ಸಾಕುತ್ತಿರುವ ಅಜ್ಜಿ ಈ ಪತ್ರ ಬರೆದಿದ್ದರೆ, ಪುಡಿ ಕೊಳ್ಳುವ ಶಕ್ತಿ ಅವರಿಗಿಲ್ಲದಿದ್ದರೆ, ಕಾಯಿಸಿದ ಹಸುವಿನ ಹಾಲನ್ನು ನೀರು ಬೆರೆಸದೆ ಲೋಟದಲ್ಲಿ ಕೊಡಿ, ಜೊತೆಗೆ ಕಬ್ಬಿಣದ ಸಿರಪ್ ತಪ್ಪಿಸಬೇಡಿ ಎಂದು ನಾನೂ ಬರೆಯುತ್ತಿದ್ದೆ. ನೀವು ಆ ಅಜ್ಜಿಯಲ್ಲ. ನಿಮ್ಮಲ್ಲಿ ಎದೆಹಾಲಿದೆ, ನಿಮ್ಮ ಮಗುವಿಗೆ ಮೂರು ಹೊತ್ತು ಸಿಗುತ್ತಲೂ ಇದೆ.

ಹಾಗಾಗಿ ಗೆಳತಿ ಹೇಳಿದ ಡಬ್ಬಿಯೂ ನಿಮಗೆ ಬೇಕಿಲ್ಲ. ಡಬ್ಬಿಯ ಪುಡಿಯೂ ಹೆಚ್ಚಿನ ಪಾಲು ದನದ ಹಾಲೇ ಎಂಬುದು ನಿಮ್ಮ ಅತ್ತೆಗೆ ಗೊತ್ತಿರಲಿಕ್ಕಿಲ್ಲ. 1950ರ ದಶಕದಲ್ಲಿ ನಮ್ಮ ಮೈಸೂರಿನ ಸಿಎಫ್‌ಟಿಆರ್‌ಐ ಸಂಸ್ಥೆಯವರು ಎಮ್ಮೆ ಹಾಲಿನಿಂದ ಶಿಶು ಆಹಾರ ಮಾಡುವ ವಿಧಾನ ಕಂಡುಹಿಡಿದು ಅದನ್ನು ಅಮುಲ್ ತಯಾರಿಸಿ ಮಾರಿತು. ಅದಕ್ಕೆ ಮುಂಚೆ ಈ ಪುಡಿ ವಿದೇಶದಿಂದ ಬರಬೇಕಿತ್ತು. ಇವತ್ತಿನ ಡಬ್ಬಿಯಲ್ಲಿ ಪ್ರೋಟೀನನ್ನೂ ಉಪ್ಪನ್ನೂ ತಗ್ಗಿಸಿ, ಕಬ್ಬಿಣ ಸೇರಿಸಿರುತ್ತಾರೆ. ಹಸಿ ಹಾಲಿಗೂ ಅದಕ್ಕೂ ಇರುವ ವ್ಯತ್ಯಾಸ ಅಲ್ಲಿದೆ. ಎದೆಹಾಲಿನ ಜಾಗಕ್ಕೆ ಅದು ಬರಬಾರದೆಂದೇ 1992ರಲ್ಲಿ ನಮ್ಮಲ್ಲಿ ಶಿಶು ಹಾಲಿನ ಪುಡಿ ಮತ್ತು ಬಾಟಲಿಗಳ ಜಾಹೀರಾತು ನಿಷೇಧಿಸುವ ಕಾನೂನು ಬಂತು, 2003ರಲ್ಲಿ ಇನ್ನಷ್ಟು ಬಿಗಿಯಾಯಿತು. ಎದೆಹಾಲು ಸಾಲದೆ ವೈದ್ಯರೇ ಬರೆದುಕೊಟ್ಟರೆ ಸಂಕೋಚಪಡದೆ ಕೊಡಿ, ಡಬ್ಬಿಯ ಮೇಲೆ ಹೇಳಿದ ಅಳತೆಯಲ್ಲೇ ಕಲಸಿ. ತಿಂಗಳ ಕೊನೆಗೆ ದುಬಾರಿಯಾಯಿತೆಂದು ಎರಡು ಚಮಚದ ಜಾಗದಲ್ಲಿ ಒಂದು ಹಾಕುವ ಮನೆಗಳಿವೆ, ಅದು ಉಪವಾಸ ಕೆಡವಿದಂತೆ.

ನಿಮ್ಮಮ್ಮನ ಮೇಕೆ ಹಾಲು? ಅದರಲ್ಲಿ ಫೋಲಿಕ್ ಆಮ್ಲ ಬಹಳ ಕಡಿಮೆ, ಅದನ್ನೇ ನೆಚ್ಚಿ ಬೆಳೆದ ಮಕ್ಕಳಿಗೆ ಇನ್ನೊಂದು ಬಗೆಯ ರಕ್ತಹೀನತೆ ಬರುತ್ತದೆ. ಹಸುವಿನ ಹಾಲಿಗೆ ಅಲರ್ಜಿಯಾಗುವ ಮಗುವಿಗೆ ಮೇಕೆ ಹಾಲೂ ಸಾಮಾನ್ಯವಾಗಿ ಆಗಿಬರುವುದಿಲ್ಲ. ಎಮ್ಮೆ ಹಾಲು ಇನ್ನೂ ಜಿಡ್ಡು, ಇನ್ನೂ ಪ್ರೋಟೀನು. ನಾಟಿ ಹಸುವಿನ ಎ2 ಹಾಲು ಎಂದು ಈಗ ಲೀಟರಿಗೆ ಎರಡು ಮೂರು ಪಟ್ಟು ದುಡ್ಡು ಕೊಟ್ಟು ತರಿಸುವವರಿದ್ದಾರೆ. ಮಲೆನಾಡು ಗಿಡ್ಡವಿರಲಿ ಹಳ್ಳಿಕಾರಿರಲಿ, ನಾಟಿ ಹಸುವಿನ ಹಾಲಿನಲ್ಲಿ ಕಬ್ಬಿಣವೇನೂ ಹೆಚ್ಚಿಲ್ಲ. ಬಾದಾಮಿ ಹಾಲು ಎಂದು ನೀರಲ್ಲಿ ತೇಯ್ದು ಕೊಡುವುದು ಬಾಯಿರುಚಿಗೆ ಸರಿ, ಹಾಲಿನ ಬದಲಿಗೆ ಆಗದು.

ಈಗ ಹಗಲಿನ ಏರ್ಪಾಡು. ನೀವು ಮನೆ ಬಿಡುವ ಮುಂಚೆ ಮಗುವಿಗೆ ಹೊಟ್ಟೆ ತುಂಬ ಹಾಲು ಕುಡಿಸಿ. ಅದಕ್ಕೂ ಸ್ವಲ್ಪ ಮೊದಲು ಒಂದು ಕಡೆಯ ಹಾಲನ್ನು ಕೈಯಿಂದಲೇ ಹಿಂಡಿ, ಕುದಿಸಿ ಒಣಗಿಸಿದ ಸ್ಟೀಲ್ ಬಟ್ಟಲಿಗೆ ತೆಗೆದು ಮುಚ್ಚಿಡಿ. ಹೊರಗಿಟ್ಟರೆ ನಾಲ್ಕು ಗಂಟೆಯೊಳಗೆ, ಬೇಸಿಗೆಯಲ್ಲಿ ಇನ್ನೂ ಬೇಗ ಕುಡಿಸಿ ಮುಗಿಸಬೇಕು. ಫ್ರಿಜ್ಜಿನ ಒಳಭಾಗದಲ್ಲಿಟ್ಟರೆ ನಾಲ್ಕು ದಿನ ಇರುತ್ತದೆ. ಕರೆಂಟು ಗಂಟೆಗಟ್ಟಲೆ ಹೋಗುವ ಊರಾದರೆ ಆ ಲೆಕ್ಕ ನಂಬದೆ ಅದೇ ದಿನ ಬಳಸಿ. ಬಿಸಿ ಮಾಡಲು ಒಲೆಯ ಮೇಲಿಡಬಾರದು, ಬಟ್ಟಲನ್ನು ಬಿಸಿನೀರಿನಲ್ಲಿ ಕೂರಿಸಿದರೆ ಸಾಕು. ಬ್ಯಾಂಕಿನಲ್ಲೂ ಮಧ್ಯಾಹ್ನ ಹಾಲು ತೆಗೆಯಬಹುದು. ಅದನ್ನು ತಣ್ಣಗಿಟ್ಟು ತರಲು ಆಗದಿದ್ದರೆ ಚೆಲ್ಲಿದರೂ ಚಿಂತೆಯಿಲ್ಲ, ತೆಗೆಯುತ್ತಿದ್ದರೆ ಹಾಲು ಬತ್ತುವುದಿಲ್ಲ. ಮಗುವಿಗೆ ಹದಿನೈದು ತಿಂಗಳಾಗುವವರೆಗೆ ದಿನಕ್ಕೆ ಎರಡು ಸಲ ಹಾಲೂಡಿಸುವ ಬಿಡುವು ಕೊಡಬೇಕೆಂದು ಕಾನೂನಿನಲ್ಲೇ ಇದೆ. ನಿಮ್ಮ ಮ್ಯಾನೇಜರು ಕೇಳಿಲ್ಲದಿದ್ದರೆ ನೀವೇ ಹೇಳಿ. ಅದು ಅವರು ಮಾಡುವ ಉಪಕಾರವಲ್ಲ.

ಅತ್ತೆಯ ಕೈಗೆ ಒಪ್ಪಿಸಬೇಕಾದ ಕೆಲಸ ಊಟದ್ದು. ಮೊಳಕೆ ಕಟ್ಟಿ, ನೆರಳಲ್ಲಿ ಒಣಗಿಸಿ, ಹುರಿದು ಬೀಸಿ, ತೆಳುಬಟ್ಟೆಯಲ್ಲಿ ಸೋಸಿದ ರಾಗಿಹಿಟ್ಟನ್ನು ಅವರಷ್ಟು ಚೆನ್ನಾಗಿ ನೀವಾಗಲಿ ನಾನಾಗಲಿ ಮಾಡಲಾರೆವು. ನೂರು ಗ್ರಾಂ ರಾಗಿಯಲ್ಲಿ ಕ್ಯಾಲ್ಸಿಯಂ 364 ಮಿಲಿಗ್ರಾಂ, ಹಸುವಿನ ಹಾಲಿನ ಮೂರು ಪಟ್ಟು. ಕಬ್ಬಿಣ ನಾಲ್ಕೂವರೆ ಮಿಲಿಗ್ರಾಂ. ಮೊಳಕೆ ಕಟ್ಟಿದರೆ ಅದು ಮೈಗೆ ಹತ್ತುವುದೂ ಸುಲಭ. ‘ಹಾಲು ಕುಡಿಸದಿದ್ದರೆ ಮೂಳೆ ಗಟ್ಟಿಯಾಗುವುದು ಹೇಗೆ’ ಎಂದು ಅತ್ತೆ ಕೇಳಿದರೆ ಅವರ ರಾಗಿಯನ್ನೇ ತೋರಿಸಿ. ಸರಿಯನ್ನು ನೀರಿನಲ್ಲೇ ಬೇಯಿಸಲಿ, ಹಾಲಿನಲ್ಲಿ ಬೇಡ, ಕಾರಣ ಮೇಲೆ ಹೇಳಿದ್ದೇನೆ. ಚಮಚ ಓರೆ ಮಾಡಿದರೆ ಜಾರಿ ಬೀಳದಷ್ಟು ಗಟ್ಟಿಯಿರಲಿ. ಮೇಲೆ ಒಂದು ಚಮಚ ತುಪ್ಪ. ಇನ್ನೊಂದು ಹೊತ್ತು ತೊಗರಿಬೇಳೆ ಅಥವಾ ಹೆಸರುಬೇಳೆ ಹಾಕಿ ಮೆತ್ತಗೆ ಬೇಯಿಸಿದ ಅನ್ನ, ಅದರಲ್ಲಿ ನುಗ್ಗೆಸೊಪ್ಪೋ ದಂಟುಸೊಪ್ಪೋ ಅರೆದು ಹಾಕಿ, ಕೊನೆಗೆ ನಾಲ್ಕು ಹನಿ ನಿಂಬೆರಸ. ಸೊಪ್ಪು-ಬೇಳೆಯ ಕಬ್ಬಿಣ ಮೈಗೆ ಹತ್ತಲು ಆ ಹುಳಿ ಬೇಕು. ಮನೆಯಲ್ಲಿ ಮೊಟ್ಟೆ, ಮಾಂಸ ತಿನ್ನುವವರಾದರೆ ತಡಮಾಡಬೇಡಿ: ಪೂರ್ತಿ ಬೆಂದ ಮೊಟ್ಟೆ, ನುಣ್ಣಗೆ ಅರೆದ ಈಲಿ, ಮುಳ್ಳು ತೆಗೆದ ಮೀನು ಈ ವಯಸ್ಸಿಗೆ ಕೊಡುವಂಥವೇ. ಮೂರನೇ ಹೊತ್ತಿಗೆ ಮನೆಯ ಸಿಹಿ ಮೊಸರು ಕಲಸಿದ ಅನ್ನ. ಹಸುವಿನ ಹಾಲು ನಿಮ್ಮ ಮಗಳಿಗೆ ಸಲ್ಲಬೇಕಾದ ಜಾಗ ಸದ್ಯಕ್ಕೆ ಅದು. ಎಂಟು ತಿಂಗಳಿಗೆ ಎರಡು ಮೂರು ಹೊತ್ತು ಊಟ, ಪ್ರತಿ ಸಲ ನಾಲ್ಕೈದು ದೊಡ್ಡ ಚಮಚದಿಂದ ಅರ್ಧ ಬಟ್ಟಲಿನವರೆಗೆ ಹೋದರೆ ಸಾಕು. ಉಪ್ಪು, ಸಕ್ಕರೆ ಬೇಡ.

ಮಗು ಮೊದಲ ಎರಡು ದಿನ ಬಾಟಲಿಗಾಗಿ ಅಳಬಹುದು. ಮೂರನೆಯ ದಿನಕ್ಕೆ ಹಸಿವೇ ಊಟದ ದಾರಿ ತೋರಿಸುತ್ತದೆ. ಈಗ ಮಲಬದ್ಧತೆಯಿದ್ದರೆ ಅದೂ ಸಡಿಲಾಗುವುದನ್ನು ನೋಡುತ್ತೀರಿ.

ಒಂದು ವರ್ಷ ತುಂಬಿದ ಮೇಲಿನ ಮಾತನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ನಮ್ಮ ಮನೆಗಳಲ್ಲಿ ನಿಜವಾದ ಅತಿ ಆಗ ಶುರುವಾಗುತ್ತದೆ. ಡಾಕ್ಟರು ಒಂದು ವರ್ಷ ಎಂದರು, ಆಯಿತಲ್ಲ, ಇನ್ನು ಕುಡಿಯಲಿ ಎಂದು ದಿನಕ್ಕೆ ಒಂದು ಲೀಟರ್ ಇಳಿಸುತ್ತಾರೆ. ಆಗಲೂ ಹಾಲಿನಲ್ಲಿ ಕಬ್ಬಿಣವಿಲ್ಲ, ಹೊಟ್ಟೆ ಆಗಲೂ ಪುಟ್ಟದೇ. ದಿನಕ್ಕೆ 350ರಿಂದ 500 ಮಿಲಿಲೀಟರ್, ಮೊಸರೂ ಸೇರಿ, ಅದಕ್ಕಿಂತ ಹೆಚ್ಚು ಬೇಡ. ಊಟದ ಮುಂಚೆ ಬೇಡ, ಲೋಟದಲ್ಲಿ ಕೊಡಿ, ಬಾಯಲ್ಲಿ ಹಾಲಿಟ್ಟುಕೊಂಡು ಮಲಗುವ ಅಭ್ಯಾಸ ಮಾಡಿಸಬೇಡಿ, ಹಲ್ಲು ಹುಳುಕಾಗುತ್ತದೆ. ನಿಮ್ಮ ಮನೆಯ ಹಸುವಿನ ಹಾಲು ಕೆನೆ ತೆಗೆಯದೆ ಕೊಡಿ. ಪೇಟೆಯ ಓದುಗರು ಪ್ಯಾಕೆಟ್ ಹಾಲು ತರುವುದಾದರೆ, ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲಿ ಜಿಡ್ಡು ನೂರಕ್ಕೆ ಮೂರು ಪಾಲು. ಎರಡು ವರ್ಷದವರೆಗೆ ಅದಕ್ಕಿಂತ ಗಟ್ಟಿಯದು ಒಳ್ಳೆಯದು, ಡಬಲ್ ಟೋನ್ಡ್ ಅಂತೂ ಈ ವಯಸ್ಸಿಗಲ್ಲ. ಮತ್ತೊಂದು, ಹಸು ಕಟ್ಟಿದ ಮನೆಯವರು ಕೇಳಿಸಿಕೊಳ್ಳಬೇಕಾದದ್ದು: ಕರೆದ ಬಿಸಿಗೇ ನೊರೆಹಾಲು ಕುಡಿಸಿದರೆ ಮಗು ಗಟ್ಟಿಯಾಗುತ್ತದೆ ಎಂಬ ನಂಬಿಕೆ ನಿಮ್ಮ ಕಡೆ ಇನ್ನೂ ಇದೆ. ಕಾಯಿಸದ ಹಾಲಿನಿಂದ ಬ್ರೂಸೆಲ್ಲಾ ಜ್ವರ, ದನಗಳ ಕ್ಷಯ ಮನುಷ್ಯರಿಗೆ ಬರುತ್ತವೆ. ಒಂದು ವರ್ಷವಾಗಲಿ ಹತ್ತು ವರ್ಷವಾಗಲಿ, ಉಕ್ಕಿ ಬರುವಂತೆ ಕಾಯಿಸದ ಹಾಲು ಮಕ್ಕಳಿಗೆ ಸಲ್ಲದು. ಎದೆಹಾಲನ್ನು ಎರಡು ವರ್ಷದವರೆಗೆ, ಆಮೇಲೂ ಇಬ್ಬರಿಗೂ ಇಷ್ಟವಿರುವಷ್ಟು ದಿನ ಮುಂದುವರಿಸಿ.

ಕೊನೆಗೆ, ಮನೆಯ ಮಾತು. ಅತ್ತೆ ಕದ್ದು ಕೊಟ್ಟರು ಎಂದು ನಿಮಗನಿಸಿದೆ, ಪತ್ರದ ಸಾಲುಗಳಲ್ಲಿ ಅದು ಕಾಣುತ್ತದೆ. ನನಗೆ ಹಾಗನಿಸುವುದಿಲ್ಲ. ಎಂಟು ತಿಂಗಳ ಕೂಸನ್ನು ಹತ್ತು ಗಂಟೆ ಹೊತ್ತು ಅವರ ಕೈಗಿಟ್ಟು ಹೋಗುವಾಗ ಏನು ಉಣಿಸಬೇಕು, ಯಾವ ಹೊತ್ತಿಗೆ ಎಂಬುದನ್ನು ಯಾರೂ ಅವರ ಜೊತೆ ಕೂತು ಮಾತಾಡಿದಂತಿಲ್ಲ. ಬೇಡ ಎಂಬುದನ್ನು ಮಾತ್ರ ಹೇಳಲಾಗಿದೆ. ಹಸಿದು ಅಳುವ ಮೊಮ್ಮಗಳಿಗೆ ಮನೆಯ ಅತ್ಯುತ್ತಮ ವಸ್ತುವನ್ನು ಅವರು ಕೊಟ್ಟರು. ಡೇರಿಗೆ ಹಾಕಿದರೆ ದುಡ್ಡು ಬರುವ ಹಾಲು ಅದು. ನಿಮ್ಮ ಮನೆಯವರ ಮೌನ ನನಗೆ ಹೆಚ್ಚು ಬೇಸರ ತಂದಿತು. ಅವರ ತಾಯಿಗೆ ಅವರು ಒಂದು ಮಾತು ಹೇಳಿದರೆ ಅದು ಸಲಹೆಯಾಗುತ್ತದೆ, ನೀವು ಹೇಳಿದರೆ ಜಗಳವಾಗುತ್ತದೆ. ಈ ಅಂಕಣವನ್ನು ಅವರ ಕೈಗೆ ಕೊಡಿ.

ಒಂಬತ್ತು ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ ಲಸಿಕೆ ಮತ್ತು ವಿಟಮಿನ್ ಎ ಹಾಕಿಸಲು ಹೇಗೂ ಹೋಗಬೇಕು. ಆ ದಿನ ತಾಯಿ ಕಾರ್ಡಿನ ಜೊತೆಗೆ ಅತ್ತೆಯನ್ನೂ ಕರೆದುಕೊಂಡು ಹೋಗಿ, ನಿಮ್ಮ ಪ್ರಶ್ನೆಗಳನ್ನು ಅವರೇ ವೈದ್ಯರಿಗೆ ಕೇಳಲಿ. ಮಗುವಿನ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ, ತೂಕ, ಉದ್ದ ಬರೆಸಿ. ಆರು ತಿಂಗಳಿಂದ ಐದು ವರ್ಷದ ಮಕ್ಕಳಿಗೆಲ್ಲ ಸರ್ಕಾರ ಪುಕ್ಕಟೆ ಕೊಡುವ ಕಬ್ಬಿಣ-ಫೋಲಿಕ್ ಆಮ್ಲದ ಸಿರಪ್ ಇದೆ, ವಾರಕ್ಕೆ ಎರಡು ಸಲ ಒಂದೊಂದು ಮಿಲಿಲೀಟರ್. ನಿಮ್ಮ ಊರಿನ ಆಶಾ ಕಾರ್ಯಕರ್ತೆಯನ್ನು ಈ ವಾರವೇ ಕೇಳಿ ತರಿಸಿಕೊಳ್ಳಿ. ರಕ್ತ ಕಡಿಮೆಯೆಂದು ಬಂದರೆ ಪ್ರಮಾಣವನ್ನು ವೈದ್ಯರು ಹೆಚ್ಚಿಸುತ್ತಾರೆ, ನೀವಾಗಿ ಹೆಚ್ಚಿಸಬೇಡಿ. ಪರೀಕ್ಷೆಯ ಚೀಟಿ ಬಂದ ಮೇಲೆ ಅದರಲ್ಲಿರುವ ಅಂಕಿಗಳನ್ನು ನನಗೆ ಬರೆದು ಕಳಿಸಿ.